ಬಾಳವ್ವನ ನರಳಿಕೆ

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಮುರಿಗಯ್ಯ ಎಂಬ ಗುರುಗಳಿದ್ದರು. ಅವರ ಶಿಷ್ಯ ಅನ್ನದಾನಿ ಆಶ್ರಮದ ಶಾಲೆಗಾಗಿ ಇಂಗ್ಲಿಷ್-ಕನ್ನಡ ನಿಘಂಟು ಬರೆಯುತ್ತಿದ್ದ.

ಒಂದು ಮಧ್ಯಾಹ್ನ ಅವನಿಗೆ 'ಪ್ಯೂಲ್' ಎಂಬ ಅಪರೂಪದ ಕ್ರಿಯಾಪದ ಎದುರಾಯಿತು.

ಪಕ್ಕದ ಕೋಣೆಯಲ್ಲಿ ಅಡುಗೆಯ ಬಾಳವ್ವ ಜ್ವರದಿಂದ ಮಲಗಿದ್ದಳು. ಬೆಳಗಿನಿಂದ ಸಣ್ಣ ದನಿಯಲ್ಲಿ ನರಳುತ್ತಲೇ ಇದ್ದಳು.

ಅನ್ನದಾನಿ ಎದ್ದು ಗುರುಗಳ ಬಳಿ ಬಂದ. "ಬಾಳವ್ವನನ್ನು ಹಿಂದಿನ ಕೋಣೆಗೆ ಕಳಿಸಬಹುದೇ? ಬರೆಯಲು ಮನಸ್ಸು ನಿಲ್ಲುತ್ತಿಲ್ಲ."

"ಏನು ಬರೆಯುತ್ತಿದ್ದೀಯ?"

"ಪ್ಯೂಲ್ ಅನ್ನೋ ಪದ. 'ಕೇಳುವವರಿಗೆ ಬೇಸರವಾಗುವಂತೆ ಕುಂಯ್‌ಗುಟ್ಟು' ಎಂದು ಅರ್ಥ ಕೊಟ್ಟಿದ್ದೇನೆ."

"ಅದರ ಮೂಲ?"

"ಬಹುಶಃ ಫ್ರೆಂಚಿನಿಂದ ಬಂದದ್ದು. ಅಲ್ಲಿ ಅದು ಕೋಳಿಮರಿ ಚಿಂವ್‌ಗುಟ್ಟುವ ಸದ್ದು."

"ಮರಿ ಯಾಕೆ ಚಿಂವ್‌ಗುಟ್ಟುತ್ತದೆ?"

"ಚಳಿಯಾದಾಗ. ತಾಯಿ ಕಾಣದಿದ್ದಾಗ."

"ತಾಯಿಗೆ ಅದು ಬೇಸರವೇ?"



ಗುರುಗಳು ಅವನ ಕೈಯಿಂದ ಲೇಖನಿ ತೆಗೆದುಕೊಂಡರು. "ಹೋಗಿ ಬಾಳವ್ವನನ್ನು ಕೇಳು. ಅರ್ಥ ಅವಳಿಗೆ ಗೊತ್ತಿರಬಹುದು."

ಅವನು ಒಲ್ಲದ ಮನಸ್ಸಿನಿಂದಲೇ ಹೋದ. ಬಾಳವ್ವನ ಕಂಬಳಿ ಜಾರಿ ನೆಲಕ್ಕೆ ಬಿದ್ದಿತ್ತು. ಅವಳು ಮೊಣಕಾಲು ಎದೆಗೆ ಒತ್ತಿಕೊಂಡು ನಡುಗುತ್ತಿದ್ದಳು.

"ಯಾವಾಗ ಬಿತ್ತು, ಅವ್ವಾ?"

"ಮುಂಜಾನಿನೇ ಬಿತ್ತಪ್ಪ. ಕೈ ಎಟುಕವಲ್ದು."

"ನನ್ನನ್ನು ಕರೆಯಬಾರದಿತ್ತೇ?"

"ನೀ ಬರ್ಯಾಕ ಹತ್ತಿದ್ದಿ. ಕರದ್ರ ಕೆಲಸ ಕೆಡತೈತಿ ಅಂತ ಸುಮ್ಮನ ಇದ್ದೆ." ಆಮೇಲೆ ಅಳುಕುತ್ತಾ ಕೇಳಿದಳು, "ಯಾಕ, ನಿನಗ ಏನರ ಕೇಳಿಸ್ತೇನು?"

ಅನ್ನದಾನಿಗೆ ಅವಳ ಮುಖ ನೋಡಲಾಗಲಿಲ್ಲ. ಕಂಬಳಿಯನ್ನು ಎತ್ತಿ ಕುತ್ತಿಗೆಯವರೆಗೆ ಹೊದಿಸಿದ. ತಣ್ಣಗಾಗಿದ್ದ ಪಾದಗಳನ್ನು ಅಂಗೈಯಲ್ಲಿ ಹಿಡಿದು ಉಜ್ಜುತ್ತಾ ಕೂತ. ಸ್ವಲ್ಪ ಹೊತ್ತಿಗೆ ನರಳಿಕೆ ನಿಂತಿತು. ಅವಳಿಗೆ ನಿದ್ದೆ ಹತ್ತಿತು.

ಬಿಸಿಲು ಇಳಿದ ಮೇಲೆ ಅವನು ಗುರುಗಳಿಂದ ಲೇಖನಿ ಮರಳಿ ಪಡೆದು, ತನ್ನ ಹಾಳೆಗಳ ಮುಂದೆ ಕೂತು, ಬರೆದಿದ್ದ ಅರ್ಥವನ್ನು ಹೊಡೆದುಹಾಕಿದ. ಹೊಸದನ್ನು ಹುಡುಕಿದ. ಏನೂ ಹೊಳೆಯಲಿಲ್ಲ. ಹಾಳೆಯನ್ನು ಗುರುಗಳ ಮುಂದಿಟ್ಟ.

"ಗುರುಗಳೇ, ಈಗ ಇದಕ್ಕೆ ಏನು ಬರೆಯಬೇಕೋ ತಿಳಿಯುತ್ತಿಲ್ಲ."

ಗುರುಗಳು ಹಾಳೆಯನ್ನು ಮಡಚಿಟ್ಟರು.

"ಸದ್ಯಕ್ಕೆ ಜಾಗ ಖಾಲಿ ಇರಲಿ. ಆಕೆ ಎದ್ದಿರಬಹುದು, ಗಂಜಿ ತೆಗೆದುಕೊಂಡು ಹೋಗು."