ಹೊಸ್ತಿಲಾಚೆಯ ಮೊಮ್ಮಗ

ಮಲಪ್ರಭೆಯ ದಂಡೆಗೆ ಅಡವಯ್ಯನವರ ಮಠ. ಆ ಸೀಮೆಯಲ್ಲಿ ಅವರೆದುರು ಬಾಯಿ ಮಾಡುವ ಗಂಡು ಹುಟ್ಟಿರಲಿಲ್ಲ, ಶಿಷ್ಯ ಭರಮನೊಬ್ಬನನ್ನು ಬಿಟ್ಟು.

ಭರಮ ಇನ್ನೂ ಮೀಸೆ ಮೂಡದ ಹುಡುಗ. ತುಂಬಿದ ಹೊಳೆ ಈಜುತ್ತಿದ್ದ, ಗುರುಗಳು ಒಮ್ಮೆ ಹೇಳಿದ್ದನ್ನು ಮರೆಯುತ್ತಿರಲಿಲ್ಲ, ಇವೆರಡನ್ನೂ ಎದುರು ಸಿಕ್ಕವರಿಗೆಲ್ಲ ತಾನೇ ಹೇಳುತ್ತಿದ್ದ. ಹೆತ್ತವರಿಲ್ಲದ ಅವನನ್ನು ಹಸುಗೂಸಿನಿಂದ ಸಾಕಿದ್ದು ಅವನ ಆಯಿ, ಅಜ್ಜಿ ಕಾಶವ್ವ. ಹಗಲು ಮಠ, ಸಂಜೆ ಆಯಿಯ ಮನೆ.

ಒಂದು ಬೆಳಿಗ್ಗೆ ಬಂದವನೇ ಗುರುಗಳ ಮುಂದೆ ಕುಕ್ಕರಿಸಿದ.

"ಅಪ್ಪಾರ, ನೆನಪು ತಿರುಗಿ ಬರೂ ಮಂತ್ರ ಕೊಡ್ರಿ. ಒಮ್ಮೆ ಹೇಳಿದರ ಸಾಕು, ನನಗ ಬಾಯಿಪಾಠ ಆಗತೈತಿ."

"ಯಾರಿಗೆ ಬೇಕೋ?"

"ನಮ್ಮ ಆಯಿಗೆ. ನನ್ನ ಮರತಾಳ್ರೀ. ಮೊನ್ನೆಯಿಂದ ಒಂದು ತುತ್ತು ಉಂಡಿಲ್ಲ. ನುಚ್ಚು ಮಾಡಿಕೊಟ್ಟರ ತಾಟು ದೂಡತಾಳ. ಗುರುತಿಲ್ಲದವರ ಕೈಯಾಗ ಉಣ್ಣೂದಿಲ್ಲ ಅಂತಾಳ. ನನ್ನಂಥಾ ನುಚ್ಚು ಊರಾಗ ಯಾರ ಮಾಡತಾರ್ರೀ?"

"ನೀ ಏನು ಮಾಡಿದಿ?"

"ನೆನಪು ಮಾಡಿಸಿದೆ. ಎದುರು ನಿಂತು, ನಾ ಯಾರು ಹೇಳು, ನಾ ಯಾರು ಹೇಳು ಅಂತ ಕೇಳಿದೆ. ಬಿಡಲೇ ಇಲ್ಲ. ಕಡೀಕ ಅಂಜಿ ಮೂಲಿ ಹಿಡಿದು ಕುಂತಳು."

ಅಡವಯ್ಯನವರು ನಕ್ಕರು. "ನಾ ಯಾರು ಅಂತ ಕೇಳಿಕೋತ ಈ ದಂಡಿಗೆ ಬಂದು ಕುಂತಾಂವ ನಾ. ತಲಿ ನರೀತು, ಉತ್ತರ ಸಿಕ್ಕಿಲ್ಲ. ನೀ ಮುದುಕಿಗೆ ನಿಂತ ಕಾಲ ಮ್ಯಾಲ ಹೇಳು ಅಂತಿ."

ಭರಮ ನಗಲಿಲ್ಲ. "ಹಿಂಗ ಉಣದಿದ್ದರ ಆಯಿ ಉಳಿಯಂಗಿಲ್ರೀ ಅಪ್ಪಾರ."

ಗುರುಗಳು ಕೋಲು ಹಿಡಿದು ಎದ್ದರು.

ಕಾಶವ್ವನ ಮನೆ ಬಂತು. ಭರಮ ದಡದಡನೆ ಒಳಗೆ ನುಗ್ಗಲು ಹೋದ. ಗುರುಗಳ ಕೋಲು ಅಡ್ಡ ಬಂತು.

"ಕರೀದ ಹೊಕ್ಕರ ಕಳ್ಳ ಅಂತಾರ."

"ಇದು ನಮ್ಮ ಮನೀನ ಅಲ್ಲೇನ್ರೀ!"

"ಅದು ನಿನಗ ಗೊತ್ತೈತಿ. ಆಕಿಗೆ?"

ಭರಮ ಹೊಸ್ತಿಲಾಚೆ ನಿಂತ. ಹುಟ್ಟಿದಾಗಿನಿಂದ ಆ ಬಾಗಿಲಲ್ಲಿ ಅವನು ನಿಂತವನೇ ಅಲ್ಲ.

"ಒಳಗ ಯಾರದೀರಿ? ಹಾದಿ ನಡದು ಬಂದೀವಿ, ಬಾಯಾರೈತಿ," ಎಂದು ಗುರುಗಳು ಕೂಗಿದರು.

ಒಳಗೆ ಬಳೆಯ ಸದ್ದಾಯಿತು. ಕಾಶವ್ವ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತ ಬಂದಳು. "ಬರ್ರಿ, ಬರ್ರಿ. ಬಿಸಲಾಗ ನಿಂತೀರಲ್ಲ."

ಕಾಲಿಗೆ ನೀರು ಕೊಟ್ಟಳು. ಕಂಬಳಿ ಹಾಸಿದಳು. ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಅದು ಆ ಕಡೆಯ ರೀತಿ. ಬೆಲ್ಲದ ಗಡಿಗೆ ಎಲ್ಲಿದೆಯೆಂದು ಅವಳು ಹುಡುಕಲಿಲ್ಲ.

"ಈ ಹುಡುಗ ಯಾರ್ರೀ?"

ನಿನ್ನ ಮೊಮ್ಮಗ ಎಂಬ ಮಾತು ಭರಮನ ನಾಲಿಗೆಯ ತುದಿಗೆ ಬಂದಿತ್ತು. ಗುರುಗಳು ಅವನನ್ನೇ ನೋಡುತ್ತಿದ್ದರು. ಹುಡುಗ ಆ ಮಾತು ನುಂಗಿದ.

"ನಾ... ಹಾದ್ಯಾಗ ಹೊಂಟಾಂವ್ರೀ."

"ಹಸದೀ ಅಂತ ಕಾಣತೈತಿ. ಮಾರಿ ಬಾಡೈತಿ ನೋಡು."

ಅವಳೇ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದಳು. ಬೆಳಿಗ್ಗೆ ಅವನೇ ಮಾಡಿ ಮುಚ್ಚಿಟ್ಟಿದ್ದ ನುಚ್ಚು. ಇಬ್ಬರಿಗೂ ಬಡಿಸಿ ಮಜ್ಜಿಗೆ ಹೊಯ್ದಳು. ಗುರುಗಳು ಕೈ ಕಟ್ಟಿ ಕುಳಿತರು.

"ಮನಿಯಾಕಿ ಉಣದ ನಾವು ಉಣ್ಣೂದಿಲ್ಲವ್ವಾ."

"ಛಲೋ ಹಟಮಾರಿ ಸ್ವಾಮಿ ಬಂದಿ!" ಕಾಶವ್ವ ನಕ್ಕು ತಾನೂ ತಾಟು ಹಾಕಿಕೊಂಡಳು. ಒಂದು ತುತ್ತು ಬಾಯಿಗಿಟ್ಟವಳೇ ಮುಖ ಹಿಂಡಿದಳು. "ಯಾವ ಪುಣ್ಯಾತ್ಮ ಮಾಡ್ಯಾನೋ ಏನೋ, ಉಪ್ಪ ಹಾಕಿಲ್ಲ!"

ಉಪ್ಪು ಬೆರೆಸಿಕೊಂಡು ತಾಟು ಬರಿದಾಗುವವರೆಗೂ ಉಂಡಳು. ಭರಮ ತಲೆ ತಗ್ಗಿಸಿ ಉಂಡ. ಅವನ ನುಚ್ಚಿಗೆ ಉಪ್ಪು ಕಣ್ಣಿನಿಂದಲೇ ಬಿದ್ದಿತು.

ಅಂದಿನಿಂದ ಭರಮ ದಿನಾ ಸಂಜೆ ತನ್ನ ಮನೆಯ ಹೊಸ್ತಿಲಾಚೆ ನಿಂತು ಕೂಗಿದ. "ಒಳಗ ಯಾರದೀರಿ?" ಕಾಶವ್ವ ದಿನಾ ಸೆರಗು ಎಳೆದುಕೊಳ್ಳುತ್ತ ಬಂದಳು, ಬೆಲ್ಲ ಕೊಟ್ಟಳು, ಅತಿಥಿಯ ಜೊತೆ ಕೂತು ಉಂಡಳು. ಉಂಡ ಅತಿಥಿ ಮಲಗಲು ಮಠಕ್ಕೆ ಮರಳಿದ.

ಕೆಲ ದಿನ ಕಳೆದ ಮೇಲೆ ಭರಮ ಗುರುಗಳ ಪಾದಕ್ಕೆ ಹಣೆ ಹಚ್ಚಿದ. ಅಷ್ಟು ಹೊತ್ತು ಅವನು ತಲೆ ಬಗ್ಗಿಸಿದ್ದನ್ನು ಮಠದಲ್ಲಿ ಯಾರೂ ಕಂಡಿರಲಿಲ್ಲ.

"ನಿಮ್ಮಿಂದ ನಮ್ಮ ಆಯಿ ಉಳದಳ್ರೀ ಅಪ್ಪಾರ. ಮೈ ಕೈ ತುಂಬಿಕೊಂಡಾಳ. ನಿನ್ನೆ ನನ್ನ ತಲಿ ಸವರಿ, ದಣಿದೀಯಪಾ, ಕತ್ತಲಾತು, ಇಲ್ಲೇ ಮಲಗಿ ಹೋಗು ಅಂದಳು."

"ಮಲಗಿದಿ?"

"ಮಲಗಿದೆ. ಕೌದಿ ಹೊಚ್ಚಿದಳು."

"ಮತ್ಯಾಕ ಮಾರಿ ಸಣ್ಣ ಮಾಡೀದಿ?"

ಭರಮ ನೆಲ ಕೆರೆದ. "ಇಷ್ಟೆಲ್ಲಾ ಮಾಡತಾಳ. ಆದ್ರ ನಾ ಯಾರಂತ ಗೊತ್ತಿಲ್ಲದ ಮಾಡತಾಳಲ್ರೀ."

ಅಡವಯ್ಯನವರು ಅವನನ್ನು ಹತ್ತಿರ ಎಳೆದು ಕೂರಿಸಿಕೊಂಡರು.

"ನೀ ಹುಟ್ಟಿದ ದಿನಾನೂ ಆಕಿಗೆ ನಿನ್ನ ಗುರುತಿರಲಿಲ್ಲೋ ಭರಮಾ. ಯಾರು ನೀ ಅಂತ ಕೇಳಿ ಎತ್ತಿಕೊಂಡಳೇನು?"