ಬಾಳವ್ವನ ಮೊಬೈಲ್ ಬಾಯಿ ಮುಚ್ಚಿಕೊಂಡಿತು

ಕೂತಿರಾ? ಇನ್ನೂ ಹತ್ತಿರ ಸರಿಯಿರಿ. ನಡುನಡುವೆ ಹೂಂ ಅನ್ನಬೇಕು. ನಿಮ್ಮ ಹೂಂ ನಿಂತರೆ ನನ್ನ ಕಥೆಯೂ ನಿಲ್ಲುತ್ತದೆ.

ನೇಕಾರರ ಓಣಿಯಲ್ಲಿ ಬಾಳವ್ವ ಇದ್ದಳು. ಮಗ್ಗದವರಿಗೆ ನೂಲು ಸುತ್ತಿಕೊಡುತ್ತಿದ್ದಳು. ಅವಳ ಹತ್ತಿರ ಒಂದು ಮೊಬೈಲ್ ಇತ್ತು. ಅಂಗೈಯಷ್ಟು ಮೊಬೈಲ್. ಗುಂಡಿ ಒತ್ತುವ ಮೊಬೈಲ್. ಕೆಂಪು ಮೊಬೈಲ್.

ಮೊಬೈಲ್ ಅಂಗಡಿಯ ಖಾಜಾಸಾಬ ಎಲ್ಲ ಮಾಡಿಕೊಟ್ಟಿದ್ದ. ಸಿಮ್ ಕೂರಿಸಿದ್ದ. ಚಾರ್ಜ್ ಹಾಕುವುದು ತೋರಿಸಿದ್ದ. ಅಕ್ಕನ ಮನೆಯ ನಂಬರ್ ಸೇವ್ ಮಾಡಿದ್ದ. ರಿಂಗು ದೊಡ್ಡದು ಮಾಡಿದ್ದ. ನಾಲ್ಕು ಅಂಕಿಯ ಗುಟ್ಟಿನ ನಂಬರ್ ಹಾಕಿಸಿದ್ದ. ಗುಟ್ಟಿನ ನಂಬರ್ ಯಾರಿಗೂ ಹೇಳಬ್ಯಾಡ್ರಿ ಅಂದಿದ್ದ. ಸಿಮ್ ಬಂದ ದೊಡ್ಡ ಕಾರ್ಡನ್ನು ಜೋಪಾನ ಇಡ್ರಿ ಅಂದಿದ್ದ.

ಬಾಳವ್ವ ಹೂಂ ಹೂಂ ಅಂದಳು. ಒಂದೂ ಕೇಳಿಸಿಕೊಳ್ಳಲಿಲ್ಲ.

ನಳದ ಹತ್ತಿರ ನಿಂತು ಗುಟ್ಟಿನ ನಂಬರನ್ನು ಎಲ್ಲರಿಗೂ ಹೇಳಿದಳು. ನಾನೇ ಹಾಕೀನಿ ಅಂತ ಜಂಬ. ಸಂಜೆಗೆ ಓಣಿಯ ಮಕ್ಕಳೆಲ್ಲ ಅದನ್ನೇ ಹಾಡಿಕೊಂಡು ಕುಣಿದರು. ಎರಡು ಎರಡು ಐದು ಆರು, ಎರಡು ಎರಡು ಐದು ಆರು.

ಬಾಳವ್ವನಿಗೆ ನಾಚಿಕೆಯಾಯಿತು. ಒಳಗೆ ಹೋದಳು. ಬಾಗಿಲು ಹಾಕಿದಳು. ನಂಬರ್ ಬದಲಾಯಿಸಿದಳು. ಮೊಬೈಲ್ ಆಫ್ ಮಾಡಿ ಮಲಗಿದಳು.

ಬೆಳಿಗ್ಗೆ ಎದ್ದು ಆನ್ ಮಾಡಿದಳು. ಮೊಬೈಲ್ ಗುಟ್ಟಿನ ನಂಬರ್ ಕೇಳಿತು. ಬಾಳವ್ವನಿಗೆ ನೆನಪಿಲ್ಲ. ಒಂದು ಸಲ ಒತ್ತಿದಳು, ತಪ್ಪು. ಎರಡು ಸಲ ಒತ್ತಿದಳು, ತಪ್ಪು. ಮೂರು ಸಲ ಒತ್ತಿದಳು, ತಪ್ಪು. ಆಮೇಲೆ ಮೊಬೈಲ್ ಎಂಟು ಅಂಕಿ ಕೇಳಿತು. ಅದನ್ನೂ ಕೈಗೆ ಬಂದಂತೆ ಮೂರು ಸಲ ಒತ್ತಿದಳು. ಅದೂ ತಪ್ಪು.

ಮೊಬೈಲ್ ಬಾಯಿ ಮುಚ್ಚಿಕೊಂಡಿತು.

ಅವತ್ತೇ ಅವಳ ಅಕ್ಕ ಚಂದ್ರವ್ವ ಸೊಲ್ಲಾಪುರದಿಂದ ಬರುವವಳಿದ್ದಳು. ಚಂದ್ರವ್ವನಿಗೆ ಕಣ್ಣು ಮಂಜು. ಒಬ್ಬಳೇ ಬರುತ್ತಾಳೆ. ಒಂದು ಬಸ್ಸು ಹಳೇ ಕ್ರಾಸಿಗೆ ನಿಲ್ಲುತ್ತದೆ. ಇನ್ನೊಂದು ಬಸ್ಸು ಹೊಸ ಕ್ರಾಸಿಗೆ ನಿಲ್ಲುತ್ತದೆ. ಯಾವ ಬಸ್ಸು ಸಿಗುತ್ತದೋ? ಇಳಿದ ಮೇಲೆ ಯಾರ ಫೋನಿಂದಾದರೂ ಮಾಡು, ನಾ ಓಡಿ ಬರ್ತೀನಿ ಅಂದಿದ್ದಳು ಬಾಳವ್ವ. ಈಗ ಅಕ್ಕ ಫೋನ್ ಮಾಡಿದರೆ ಯಾರು ಎತ್ತಬೇಕು?

ಬಾಳವ್ವ ಮೊಬೈಲನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ತಲೆ ತಗ್ಗಿಸಿದಳು. ನಡೆದಳು.

ಖಾಜಾಸಾಬನ ಅಂಗಡಿಗೆ ಹೋದಳು.

ಇದು ಹೆಂಗಾತು ಅಂತ ಖಾಜಾಸಾಬ ಕೇಳಿದ.

"ತಾನ ಆತು" ಅಂದಳು ಬಾಳವ್ವ.

ಎಂಟು ಅಂಕಿ ಕೇಳಿದಾಗ ಏನಾದರೂ ಒತ್ತಿದಿರಾ ಅಂತ ಕೇಳಿದ. ಇಲ್ಲ ಅಂದಳು. ಅವಳ ಕಿವಿ ಬಿಸಿಯಾದವು.

ಖಾಜಾಸಾಬ ಹೇಳಿದ, "ಸಿಮ್ ಬಂದ ಕಾರ್ಡ್ ತರ್ರಿ. ಅದರ ಹಿಂದ ಎಂಟು ಅಂಕಿ ಐತಿ. ಅಲ್ಲೀತನಾ ಏನೂ ಒತ್ತಬ್ಯಾಡ್ರಿ. ಹತ್ತು ಸಲ ತಪ್ಪಿದ್ರ ಸಿಮ್ ಮುಗದಂಗ."

ಕಾರ್ಡ್ ಎಲ್ಲಿದೆ? ಕಾರ್ಡ್ ಟೇಲರ್ ಅಂಬಕ್ಕನ ಹತ್ತಿರ ಇದೆ. ಅಂಚು ನೆಟ್ಟಗಿದೆ ಅಂತ ಅಂಬಕ್ಕ ಕೇಳಿದ್ದಳು. ಇಟ್ಟುಕೋ ಅಂತ ಬಾಳವ್ವ ಕೊಟ್ಟಿದ್ದಳು.

ಕಾರ್ಡ್ ಇಲ್ಲ, ಮೊಬೈಲ್ ಮಾತಾಡೋದಿಲ್ಲ.

ಬಾಳವ್ವ ಮೊಬೈಲನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ತಲೆ ತಗ್ಗಿಸಿದಳು. ನಡೆದಳು.

ಟೇಲರ್ ಅಂಬಕ್ಕನ ಹತ್ತಿರ ಹೋದಳು. ಅಂಬಕ್ಕ ಕುಪ್ಪಸದ ಬಟ್ಟೆಯ ಮೇಲೆ ಕಾರ್ಡ್ ಇಟ್ಟು ಗೆರೆ ಎಳೆಯುತ್ತಿದ್ದಳು.

"ಅಂಬಕ್ಕ, ಆ ಕಾರ್ಡ್ ಕೊಡು."

"ಯಾಕ ಬೇಕು?"

"ಸುಮ್ಮನ ಬೇಕು."

ಸುಮ್ಮನೆ ಬೇಕಾದರೆ ಕೊಡೋದಿಲ್ಲ ಅಂದಳು ಅಂಬಕ್ಕ. ಅವಳ ಅಳತೆಪಟ್ಟಿ ಮುರಿದಿತ್ತು. ಬಡಿಗೇರ ಮೌನಪ್ಪ ಹೊಸ ಪಟ್ಟಿ ಕೊಟ್ಟಿಲ್ಲ. ಪಟ್ಟಿ ತಾ, ಕಾರ್ಡ್ ಒಯ್ಯಿ ಅಂದಳು.

ಪಟ್ಟಿ ಇಲ್ಲ, ಕಾರ್ಡ್ ಇಲ್ಲ. ಕಾರ್ಡ್ ಇಲ್ಲ, ಮೊಬೈಲ್ ಮಾತಾಡೋದಿಲ್ಲ.

ಬಾಳವ್ವ ಮೊಬೈಲನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ತಲೆ ತಗ್ಗಿಸಿದಳು. ನಡೆದಳು.

ಬಡಿಗೇರ ಮೌನಪ್ಪನ ಹತ್ತಿರ ಹೋದಳು. ಮೌನಪ್ಪ ಉಳಿ ಕೆಳಗಿಟ್ಟು ಗೋಡೆಗೆ ಒರಗಿ ಕೂತಿದ್ದ.

"ಮೌನಪ್ಪಣ್ಣ, ಅಂಬಕ್ಕನ ಪಟ್ಟಿ ಕೊಡು."

"ನಿನಗ ಯಾಕ ಬೇಕು?"

"ಸುಮ್ಮನ ಬೇಕು."

ಸುಮ್ಮನೆ ಬೇಕಾದರೆ ಆಗೋದಿಲ್ಲ ಅಂದ ಮೌನಪ್ಪ. ಬೆಳಿಗ್ಗೆಯಿಂದ ಅವನಿಗೆ ಚಹಾ ಸಿಕ್ಕಿಲ್ಲ. ಚಹಾ ಕುಡಿಯದೆ ಉಳಿ ಹಿಡಿದರೆ ಕೈ ಕುಯ್ಯುತ್ತದೆ. ಚಹಾ ತಾ, ಪಟ್ಟಿ ಒಯ್ಯಿ ಅಂದ.

ಚಹಾ ಇಲ್ಲ, ಪಟ್ಟಿ ಇಲ್ಲ. ಪಟ್ಟಿ ಇಲ್ಲ, ಕಾರ್ಡ್ ಇಲ್ಲ. ಕಾರ್ಡ್ ಇಲ್ಲ, ಮೊಬೈಲ್ ಮಾತಾಡೋದಿಲ್ಲ.

ಬಾಳವ್ವ ಮೊಬೈಲನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ತಲೆ ತಗ್ಗಿಸಿದಳು. ನಡೆದಳು.

ಚಹಾದಂಗಡಿಯ ಹುಸೇನಬಿಯ ಹತ್ತಿರ ಹೋದಳು. ಒಲೆ ಉರಿಯುತ್ತಿತ್ತು. ಪಾತ್ರೆ ಬರಿದಾಗಿತ್ತು.

"ಹುಸೇನಬಿ, ಒಂದು ಚಹಾ ಕೊಡು."

ನೀನು ಚಹಾನೇ ಕುಡಿಯೋದಿಲ್ಲವಲ್ಲ, ಯಾಕ ಬೇಕು ಅಂದಳು ಹುಸೇನಬಿ.

"ಸುಮ್ಮನ ಬೇಕು."

ಹುಸೇನಬಿ ಅವಳ ಮುಖವನ್ನೇ ನೋಡಿದಳು. ಬಾಳವ್ವ ನೆಲ ನೋಡಿದಳು. ಗೌಳಿ ತುಳಜವ್ವ ಇವತ್ತು ಹಾಲೇ ಕೊಟ್ಟಿಲ್ಲ, ಹಾಲು ತಾ, ಚಹಾ ಒಯ್ಯಿ ಅಂದಳು ಹುಸೇನಬಿ.

ಹಾಲು ಇಲ್ಲ, ಚಹಾ ಇಲ್ಲ. ಚಹಾ ಇಲ್ಲ, ಪಟ್ಟಿ ಇಲ್ಲ. ಪಟ್ಟಿ ಇಲ್ಲ, ಕಾರ್ಡ್ ಇಲ್ಲ. ಕಾರ್ಡ್ ಇಲ್ಲ, ಮೊಬೈಲ್ ಮಾತಾಡೋದಿಲ್ಲ.

ಬಿಸಿಲು ಏರಿತು. ಅಕ್ಕ ಎಲ್ಲಿಗೆ ಬಂದಳೋ? ಯಾವ ಕ್ರಾಸಿನಲ್ಲಿ ನಿಂತಳೋ?

ಬಾಳವ್ವ ಮೊಬೈಲನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ತಲೆ ತಗ್ಗಿಸಿದಳು. ನಡೆದಳು.

ಗೌಳಿ ತುಳಜವ್ವನ ಹತ್ತಿರ ಹೋದಳು. ತುಳಜವ್ವ ಖಾಲಿ ತಂಬಿಗೆ ಹಿಡಿದು ಎಮ್ಮೆಯ ಪಕ್ಕ ಕೂತಿದ್ದಳು.

"ತುಳಜವ್ವ, ಒಂದು ತಂಬಿಗಿ ಹಾಲು ಕೊಡು."

ತುಳಜವ್ವ ಯಾಕೆ ಅಂತ ಕೇಳಲಿಲ್ಲ. ಅವಳ ಗಂಟಲು ಕಟ್ಟಿತ್ತು. ಪಿಸಪಿಸ ಅಂತ ಹೇಳಿದಳು. ಮುಂಜಾನೆ ಬ್ಯಾಂಡಿನವರು ಹೋದರು. ಎಮ್ಮೆ ಗಂಗಿ ಬೆದರಿತು. ಆಗಿನಿಂದ ಹಾಲು ಬಿಡುತ್ತಿಲ್ಲ. ಯಾರಾದರೂ ಹತ್ತಿರ ಕೂತು ಮೆತ್ತಗೆ ಮಾತಾಡಬೇಕು. ನನಗೆ ದನಿಯೇ ಇಲ್ಲ. ನೀ ಮಾತಾಡು, ಹಾಲು ಒಯ್ಯಿ.

ಗಂಗಿ ಬಿಡದಿದ್ದರೆ ಹಾಲು ಇಲ್ಲ. ಹಾಲು ಇಲ್ಲ, ಚಹಾ ಇಲ್ಲ. ಚಹಾ ಇಲ್ಲ, ಪಟ್ಟಿ ಇಲ್ಲ. ಪಟ್ಟಿ ಇಲ್ಲ, ಕಾರ್ಡ್ ಇಲ್ಲ. ಕಾರ್ಡ್ ಇಲ್ಲ, ಮೊಬೈಲ್ ಮಾತಾಡೋದಿಲ್ಲ.

ಬಾಳವ್ವ ಗಂಗಿಯ ಕೊರಳ ಹತ್ತಿರ ಕೂತಳು.

ಹುಲ್ಲು ಚಲೋ ಐತೇನು ಅಂದಳು. ಗಂಗಿ ಬಾಲ ಬೀಸಿತು. ಬಿಸಿಲು ಭಾಳ ಆತು ಅಂದಳು. ಗಂಗಿ ಕಾಲು ಝಾಡಿಸಿತು. ಇನ್ನೇನು ಹೇಳಬೇಕು? ಹೊಟ್ಟೆಯೊಳಗೆ ಒಂದೇ ಮಾತು ಇತ್ತು. ಬೆಳಿಗ್ಗೆಯಿಂದ ಅದೊಂದೇ ಇತ್ತು.

ಗಂಗಿಯ ಕಿವಿಯ ಹತ್ತಿರ ಬಾಗಿದಳು.

"ಗುಟ್ಟಿನ ನಂಬರ ನಾನ ಎಲ್ಲಾರಿಗೂ ಹೇಳೀನಿ. ನಾನ ಬದಲು ಮಾಡೀನಿ. ನಾನ ಮರತೀನಿ. ನನ್ನ ಅಕ್ಕ ದಾರ್ಯಾಗ ನಿಂತಿರ್ತಾಳ. ಅಕಿಗೆ ಕಣ್ಣು ಕಾಣೂದಿಲ್ಲ."

ಹೇಳುತ್ತ ಹೇಳುತ್ತ ಅವಳ ದನಿ ಮೆತ್ತಗಾಯಿತು. ಗಂಗಿಯ ಕಿವಿ ಈ ಕಡೆ ತಿರುಗಿತು. ಬಾಲ ನಿಂತಿತು. ಕಾಲು ನಿಂತಿತು. ತಂಬಿಗೆಯಲ್ಲಿ ಚೊರ್ ಅಂತ ಸದ್ದಾಯಿತು. ಚೊರ್ ಚೊರ್, ಚೊರ್ ಚೊರ್.

ತಂಬಿಗೆ ತುಂಬಿತು.

ಆಗ ಬಾಳವ್ವನಿಗೆ ಗೊತ್ತಾಯಿತು, ತುಳಜವ್ವನೂ ಎಲ್ಲ ಕೇಳಿಸಿಕೊಂಡಿದ್ದಳು. ಬಾಳವ್ವನಿಗೆ ಭೂಮಿಯೊಳಗೆ ಇಳಿದುಬಿಡಬೇಕು ಅನ್ನಿಸಿತು. ತುಳಜವ್ವ ತಂಬಿಗೆಯನ್ನು ಅವಳ ಕೈಗಿಟ್ಟಳು. ಇದನ್ನ ಮೊದಲೇ ಹೇಳಬಾರದೇನವ್ವ, ಲಗೂನ ಹೋಗು ಅಂತ ಪಿಸುಗುಟ್ಟಿದಳು.

ಬಾಳವ್ವ ಹಾಲು ಹಿಡಿದು ಓಡಿದಳು. ತಂಬಿಗೆ ಹಿಡಿಯಲು ಎರಡೂ ಕೈ ಬೇಕು. ಮೊಬೈಲನ್ನು ಸೆರಗಿನೊಳಗೆ ಮುಚ್ಚಿಕೊಳ್ಳಲು ಕೈ ಎಲ್ಲಿದೆ? ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎಲ್ಲರಿಗೂ ಕಂಡಿತು.

ಹಾಲನ್ನು ಹುಸೇನಬಿಗೆ ಕೊಟ್ಟಳು. ಈ ಸಲ ಹುಸೇನಬಿ ಕೇಳಲಿಲ್ಲ. ಬಾಳವ್ವನೇ ಹೇಳಿದಳು. ನಂಬರ್ ನಾನೇ ಹೇಳಿದೆ, ನಾನೇ ಬದಲು ಮಾಡಿದೆ, ನಾನೇ ಮರೆತೆ. ಹುಸೇನಬಿ ನಕ್ಕುಬಿಟ್ಟಳು. ಬಾಳವ್ವನ ಕಣ್ಣಲ್ಲಿ ನೀರು ಬಂತು. ಆದರೆ ಅವಳು ಅಲ್ಲೇ ನಿಂತಳು. ಹುಸೇನಬಿ ನಗು ನಿಲ್ಲಿಸಿದಳು. ಹಾಲು ಕಾಸಿದಳು. ಚಹಾ ಕೊಟ್ಟಳು.

ಚಹಾವನ್ನು ಮೌನಪ್ಪನಿಗೆ ಕೊಟ್ಟಳು. ನಂಬರ್ ನಾನೇ ಹೇಳಿದೆ, ನಾನೇ ಬದಲು ಮಾಡಿದೆ, ನಾನೇ ಮರೆತೆ ಅಂದಳು. ಮೌನಪ್ಪ ಚಹಾ ಕುಡಿದ. ಲೋಟ ಕೆಳಗಿಟ್ಟ. ಆಮೇಲೆ ಮೆಲ್ಲಗೆ ಹೇಳಿದ, "ಸಿಮ್ ಬಂದ್ ಆಗತೈತಿ ಅಂತ ನನಗ ಯಾವನೋ ಫೋನ್ ಮಾಡಿದ್ದ. ನಾನೂ ಅವಗ ನನ್ನ ಗುಟ್ಟಿನ ನಂಬರ ಹೇಳಿಬಿಟ್ಟೀನಿ. ಮನ್ಯಾಗೂ ಹೇಳಿಲ್ಲ."

ಸಂಜೆ ಖಾಜಾಸಾಬನ ಹತ್ತಿರ ಹೋಗಣ್ಣ ಅಂದಳು ಬಾಳವ್ವ. ಹೋಗ್ತೀನಿ ಅಂದ ಮೌನಪ್ಪ. ಪಟ್ಟಿಗೆ ಉಜ್ಜುಗೊರಡು ಹಾಕಿದ. ಪಟ್ಟಿ ಕೊಟ್ಟ.

ಪಟ್ಟಿಯನ್ನು ಅಂಬಕ್ಕನಿಗೆ ಕೊಟ್ಟಳು. ಅಕ್ಕ ಬಂದು ದಾರಿಯಲ್ಲಿ ನಿಂತಿರುತ್ತಾಳೆ ಅಂದಳು. ನಂಬರ್ ನಾನೇ ಹೇಳಿದೆ, ನಾನೇ ಬದಲು ಮಾಡಿದೆ, ನಾನೇ ಮರೆತೆ ಅಂದಳು. ನಿನ್ನ ಅಕ್ಕ ಬರ್ತಾಳಂದ್ರ ನಾ ಆಗಲೇ ಕೊಡ್ತಿದ್ದೆನಲ್ಲ ಅಂದಳು ಅಂಬಕ್ಕ. ಅವಳ ಮುಖವೂ ಸಣ್ಣದಾಯಿತು. ಕಾರ್ಡ್ ಕೊಟ್ಟಳು.

ಗಂಗಿ ಹಾಲು ಬಿಟ್ಟಿತು. ಹಾಲು ಬಂತು, ಚಹಾ ಬಂತು. ಚಹಾ ಬಂತು, ಪಟ್ಟಿ ಬಂತು. ಪಟ್ಟಿ ಬಂತು, ಕಾರ್ಡ್ ಬಂತು.

ಕಾರ್ಡನ್ನು ಖಾಜಾಸಾಬನಿಗೆ ಕೊಟ್ಟಳು.

ಖಾಜಾಸಾಬ ಕಾರ್ಡ್ ತಿರುಗಿಸಿದ. ಎಂಟು ಅಂಕಿ ಇದ್ದವು. ಆದರೆ ಕಡೆಯ ಅಂಕಿ ಸವೆದಿತ್ತು. ಅದು ಒಂದೋ? ಏಳೋ? ಗೊತ್ತಾಗಲಿಲ್ಲ.

ಎರಡನ್ನೂ ಒತ್ತಿ ನೋಡಬಹುದು ಅಂದ ಅವನು. ಆದರೆ ಹತ್ತು ಸಲದಲ್ಲಿ ಎಷ್ಟು ಉಳಿದಿದೆ ಅಂತ ಗೊತ್ತಿರಬೇಕು. ನೀವು ನಿಜವಾಗಿ ಏನೂ ಒತ್ತಿಲ್ಲವಾ ಅಂತ ಕೇಳಿದ.

ಬಾಳವ್ವ ಸೊಂಟದಿಂದ ಮೊಬೈಲ್ ತೆಗೆದು ಅವನ ಮುಂದಿಟ್ಟಳು. ಇವನ ಮುಂದೆ ಸುಳ್ಳು ಹೇಳಿದ್ದಳು. ಉಳಿದವರ ಮುಂದೆ ಬರೀ ಮುಚ್ಚಿಟ್ಟಿದ್ದಳು. ಇವನ ಮುಂದೆ ಹೇಳುವುದೇ ಎಲ್ಲಕ್ಕಿಂತ ಕಷ್ಟ.

"ಮೂರು ಸಲ ಒತ್ತೀನಿ, ಖಾಜಾ" ಅಂದಳು. "ಇಲ್ಲ ಅಂತ ಸುಳ್ಳು ಹೇಳಿದ್ದೆ. ತಾನ ಆತು ಅಂದಿದ್ದೂ ಸುಳ್ಳು. ಎಲ್ಲಾ ನಾನ ಮಾಡೀನಿ."

ಖಾಜಾಸಾಬ ಬೈಯಲಿಲ್ಲ. ಹಾಗಾದರೆ ಇನ್ನೂ ಏಳು ಸಲ ಉಳಿದಿದೆ ಅಂದ. ಒಂದು ಹಾಕಿ ಒತ್ತಿದ. ತಪ್ಪು. ಬಾಳವ್ವ ಕಣ್ಣು ಮುಚ್ಚಿಕೊಂಡಳು. ಏಳು ಹಾಕಿ ಒತ್ತಿದ.

ಮೊಬೈಲ್ ಕಣ್ಣು ಬಿಟ್ಟಿತು.

ಈಗ ಹೊಸ ಗುಟ್ಟಿನ ನಂಬರ್ ಹಾಕಬೇಕು. ಮರೆಯದಂಥದ್ದು ಹಾಕ್ರಿ, ನನಗೂ ತೋರಿಸಬ್ಯಾಡ್ರಿ ಅಂದ ಖಾಜಾಸಾಬ. ಮುಖ ಆ ಕಡೆ ತಿರುಗಿಸಿ ಕೂತ. ಬಾಳವ್ವ ಒಂದೊಂದೇ ಗುಂಡಿ ಒತ್ತಿದಳು. ಮತ್ತೊಮ್ಮೆ ಅದನ್ನೇ ಒತ್ತಿದಳು. ತುಟಿ ಕೂಡ ಅಲುಗಿಸಲಿಲ್ಲ.

ಗುಂಡಿಯಿಂದ ಬೆರಳು ತೆಗೆದಳೋ ಇಲ್ಲವೋ, ಮೊಬೈಲ್ ದೊಡ್ಡದಾಗಿ ಹೊಡೆದುಕೊಂಡಿತು. ಯಾರದೋ ಗೊತ್ತಿಲ್ಲದ ನಂಬರ್. ಬಾಳವ್ವ ಎತ್ತಿದಳು. ತನ್ನ ಹೆಸರು ಹೇಳಲಿಲ್ಲ. ಮೊದಲು ಯಾರು ಅಂತ ಕೇಳಿದಳು.

"ನಾ ಚಂದ್ರವ್ವ. ಇದು ಬಾಳಿ ನಂಬರ ಹೌದೇನ್ರಿ?"

ಅಕ್ಕ ಹೊಸ ಕ್ರಾಸಿನಲ್ಲಿ ಹಣ್ಣಿನವಳ ಪಕ್ಕ ಕೂತಿದ್ದಳು. ಹಣ್ಣಿನವಳ ಫೋನಿಂದ ನಾಲ್ಕು ಸಲ ಮಾಡಿಸಿದ್ದಳು. ನಾಲ್ಕು ಸಲವೂ ಲೈನ್ ಸಿಕ್ಕಿರಲಿಲ್ಲ. ತಾನೇ ನಂಬರ್ ತಪ್ಪು ನೆನಪಿಟ್ಟಿದ್ದೇನೆ ಅಂದುಕೊಂಡಿದ್ದಳು. ಇನ್ನೊಂದು ಸಲ ಮಾಡು ಅಂತ ಹಣ್ಣಿನವಳನ್ನು ಕೇಳಲು ನಾಚಿಕೆಪಟ್ಟು ಇಷ್ಟು ಹೊತ್ತು ಸುಮ್ಮನೆ ಕೂತಿದ್ದಳು.

"ವಯಸ್ಸಾತು ಬಾಳಿ. ನಾನ ತಪ್ಪೀನಿ ಅನಸ್ತೈತಿ" ಅಂದಳು ಅಕ್ಕ.

ಅಂಗಡಿಯಲ್ಲಿ ಜನ ಇದ್ದರು. ಎಲ್ಲರೂ ಇವಳನ್ನೇ ನೋಡುತ್ತಿದ್ದರು. ಬಾಳವ್ವ ಸೆರಗು ಎಳೆದುಕೊಳ್ಳಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನೀ ತಪ್ಪಿಲ್ಲ, ಅಕ್ಕ. ನಾ ತಪ್ಪೀನಿ. ಕೂತಲ್ಲೇ ಕೂತಿರು. ಬರಾಕ ಹತ್ತೀನಿ."

ಬಾಳವ್ವ ಹೊಸ ಕ್ರಾಸಿಗೆ ಓಡಿದಳು. ಅಕ್ಕನ ಕೈ ಹಿಡಿದಳು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಿಕೊಂಡು ಬಂದರು.

ಅಕ್ಕ ಮನೆ ಸೇರಿದಳು. ಕಥೆಯೂ ಮನೆ ಸೇರಿತು. ಈಗ ಹೂಂ ಅನ್ನುವುದು ಸಾಕು.