ಹಾಡು ನಿಂತ ಕೆರೆ

ಬಯಲುಸೀಮೆಯ ಗುಂಡಿನಹಾಳಿಗೆ ಬಂದು ಬಸ್ಸಿಳಿಯುವ ಹೊರಗಿನವರಲ್ಲಿ ಹೆಚ್ಚಿನವರು ಸಂಗೀತದವರೇ. ಮೈಸೂರಿನಿಂದ, ಧಾರವಾಡದಿಂದ, ಇನ್ನೂ ಆಚೆಯಿಂದ, ತಂಬೂರಿಗೆ ಹಳೆಯ ಸೀರೆಯ ಗವಸು ತೊಡಿಸಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬರುತ್ತಾರೆ. ನೋಡುವುದಕ್ಕೆ ಇಲ್ಲಿ ಹೆಚ್ಚಿನದೇನೂ ಇಲ್ಲ. ಒಂದು ಕೆರೆ, ಅದರ ಏರಿಯ ಮೇಲೆ ಎಂಟು ಕಂಬದ ಮಂಟಪ, ಎದುರಿಗೆ ನೀರಿನೊಳಗೆ ಜೋಡಿ ಕಲ್ಲುಗಂಬ ನಿಲ್ಲಿಸಿದ ತೂಬು. ಆದರೂ ಕಾರ್ತಿಕದ ಒಂದು ದಿನ ಆ ಮಂಟಪದಲ್ಲಿ ಕುಳಿತು ಹಾಡಿದರೆ ಅವರಿಗೆ ಕ್ಷೇತ್ರದರ್ಶನ ಮಾಡಿದಷ್ಟು ಸಮಾಧಾನ. ಹಳೆಯ ಕಾಗದಗಳಲ್ಲಿ ಈ ಕೆರೆಗೆ ಗೌರಸಮುದ್ರವೆಂದು ಹೆಸರಿದೆ. ಆ ಹೆಸರು ಹಿಡಿದು ದಾರಿ ಕೇಳಿದರೆ ಊರಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಎಲ್ಲರ ಬಾಯಲ್ಲೂ ಇದು ಹಾಡು ನಿಂತ ಕೆರೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಬೊಮ್ಮಗೊಂಡ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ಗದ್ದೆಗಳಿಗೆ ನೀರು ಬಿಡುವ ನೀರಗಂಟಿ ಚಿತ್ತಯ್ಯ. ತೂಬೆಂದರೆ ಕೆರೆಯ ತಳದಲ್ಲಿರುವ ಕಲ್ಲಿನ ಕಂಡಿ. ಅದಕ್ಕೆ ಮರದ ಬಿರಡೆ, ಬಿರಡೆಗೆ ನೀರಿನ ಮೇಲಿನವರೆಗೂ ಉದ್ದನೆಯ ಬಿದಿರಿನ ಗಳು. ಗಳು ಎತ್ತಿದರೆ ನೀರು ಏರಿಯ ಅಡಿಯಲ್ಲಿ ಹಾದು ಹೊರಗೆ ಬೀಳುತ್ತದೆ. ಈ ತೂಬಿಗೆ ಬೇರೆಲ್ಲೂ ಇಲ್ಲದ ಒಂದು ಗುಣವಿತ್ತು. ಬಿರಡೆಯನ್ನು ಗೇಣಷ್ಟೇ ಎತ್ತಿ ನಿಲ್ಲಿಸಿದರೆ ಕಂಡಿ ತಂಬೂರಿಯ ಹಾಗೆ ಝೇಂಕರಿಸುತ್ತಿತ್ತು ಎನ್ನುತ್ತಾರೆ. ಆದರೆ ಹಾಗೆ ಅರೆಗಂಡಿಯಲ್ಲಿ ಬಹಳ ಹೊತ್ತು ಬಿಡಬಾರದೆಂಬುದು ನೀರಗಂಟಿಗಳ ಕಟ್ಟಳೆ. ಸೆಳೆತಕ್ಕೆ ಕಂಡಿಯ ಅಂಚು ಒಡೆದರೆ ನೀರು ಏರಿಯ ಒಡಲನ್ನೇ ಕೊರೆಯುತ್ತದೆ. ಚಿತ್ತಯ್ಯನ ಹೆಂಡತಿ ಮಾರಕ್ಕ ಏರಿಯ ಕೆಳಗಿನ ಹಟ್ಟಿಯಲ್ಲೇ ಹುಟ್ಟಿ ಬೆಳೆದವಳು. ಎಸರು ಕುದಿಯುವ ಸದ್ದನ್ನು ಅಡುಗೆಯವಳು ತಿಳಿಯುವಂತೆ ಆಕೆ ತೂಬಿನ ದನಿಯನ್ನು ತಿಳಿಯುತ್ತಿದ್ದಳು.

ಆ ವರ್ಷ ಚಿತ್ತೆ ಮಳೆಗೆ ಕೆರೆ ಕಟ್ಟೆಯ ತುಟಿಯವರೆಗೂ ತುಂಬಿತು. ಆ ಸಂತೋಷಕ್ಕೆ ನಾಯಕ ಶೇಷಗಿರಿದಾಸರೆಂಬ ದೊಡ್ಡ ಹಾಡುಗಾರರನ್ನು ಕರೆಸಿದ. ದಾಸರಿಗೆ ತಂಬೂರಿ ಬೇಡ, ನನ್ನ ಕೆರೆಯೇ ಶ್ರುತಿ ಕೊಡಲಿ ಎಂಬ ಹಟ ಅವನಿಗೆ ಹಿಡಿಯಿತು. ಹಾಡಿಕೆ ಮುಗಿಯುವವರೆಗೂ ತೂಬನ್ನು ಅರೆಗಂಡಿಯಲ್ಲಿಡಬೇಕೆಂಬ ಅಪ್ಪಣೆ ಹೊತ್ತು ಮನೆಗೆ ಬಂದ ಚಿತ್ತಯ್ಯನ ಮುಖ ನೋಡಿಯೇ ಮಾರಕ್ಕನಿಗೆ ಅರ್ಥವಾಯಿತು.

“ಅಷ್ಟು ಹೊತ್ತು ಆಗಲ್ಲ ಅನ್ನಬೇಕಿತ್ತು” ಎಂದಳು.

“ಅಂದೆ. ಕೆರೆ ನಿಂದೋ ನಂದೋ ಅಂತ ಕೇಳಿದ್ರು.”

“ಅವರದೇ ಬಿಡು. ಅದರ ಕೆಳಗೆ ಮಲಗೋರು ಮಾತ್ರ ನಾವು.”

ಚಿತ್ತಯ್ಯ ನಕ್ಕ. “ಮಂಗಳ ಹಾಡಿದ ಗಳಿಗೇಲೇ ಮುಚ್ತೀನಿ ಕಣೆ. ನಿನ್ನ ಕೋಳಿಗೂಡಿಗೂ ತೇವ ತಾಗಲ್ಲ.”

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹಾಡಿಕೆ ಮೊದಲಾಯಿತು. ನಾಯಕನ ಸಭೆಯಲ್ಲಿ ಮಂಗಳವಾಗುವವರೆಗೆ ಯಾರೂ ಏಳುವಂತಿಲ್ಲ, ತುಟಿ ಬಿಚ್ಚುವಂತಿಲ್ಲ. ಹಟ್ಟಿಯವರು ಏರಿಯ ಕೊನೆಯಲ್ಲಿ ದೂರ ನಿಂತಿದ್ದರು. ದಾಸರ ಕಂಠವನ್ನು ಕೇಳಿ ಮಾರಕ್ಕನಿಗೂ ಒಂದು ಗಳಿಗೆ ಮೈಮರೆತುಹೋಯಿತಂತೆ. ಮೂರನೆಯ ಹಾಡಿನಲ್ಲಿ ತೂಬಿನ ದನಿ ಕೂದಲೆಳೆಯಷ್ಟು ಮೇಲೇರಿತು. ಅವಳಿಗೆ ತಕ್ಷಣ ತಿಳಿಯಿತು, ಅಂಚು ಒಡೆದಿತ್ತು. ದಾಸರ ಕಿವಿಗೂ ಅದು ಬಿದ್ದಿತು. ಅವರು ತಡವರಿಸಲಿಲ್ಲ, ಹಾಡನ್ನು ನಿಲ್ಲಿಸದೆ ತಮ್ಮ ದನಿಯನ್ನೂ ಅಷ್ಟೇ ಏರಿಸಿ ಶ್ರುತಿಗೆ ಸೇರಿಸಿಬಿಟ್ಟರು. ತಿಳಿದವರು ತಲೆದೂಗಿದರು. ಶ್ರುತಿ ಮತ್ತೆ ಏರಿತು, ದಾಸರೂ ಏರಿದರು. ನಾಯಕನ ಕಣ್ಣಲ್ಲಿ ಆನಂದದ ನೀರು.

ಮಾರಕ್ಕ ನಾಯಕನ ಊಳಿಗದವನೊಬ್ಬನ ಬಳಿಗೆ ಓಡಿದಳು. “ಬುದ್ಧಿ, ತೂಬು ಕೆಟ್ಟೈತೆ. ನಿಲ್ಲಿಸೋಕೆ ಹೇಳಿ.”

“ಮಂಗಳ ಆಗಲಿ ಸುಮ್ಮನಿರು. ನಡುವೆ ಬಾಯಿ ಹಾಕಿದರೆ ನನ್ನ ತಲೆ ಉಳಿಯುತ್ತದೆಯೇ?” ಎಂದು ಅವನು ಪಿಸುಗುಟ್ಟಿದ.

ಅವಳು ತಿರುಗಿ ನೋಡುವಷ್ಟರಲ್ಲಿ ಚಿತ್ತಯ್ಯ ತೂಬಿನ ಕಂಬದ ಮೇಲಿಂದ ಗಳುವನ್ನು ಒತ್ತುತ್ತಿದ್ದ. ಒಡೆದ ಅಂಚಿನಲ್ಲಿ ಬಿರಡೆ ಕೂರುತ್ತಿರಲಿಲ್ಲ. ಗಳುವನ್ನು ಜೊತೆಗಿದ್ದ ಮೈದುನನ ಕೈಗೆ ಕೊಟ್ಟು, “ನಾನು ಕೆಳಗೆ ಸರಿಮಾಡ್ತೀನಿ, ನೀನು ಮೈಭಾರ ಹಾಕು” ಎಂದು ಹೇಳಿ, ಒಡೆದ ಸಂದಿಗೆ ತುರುಕಲು ಹುಲ್ಲಿನ ಸಿವುಡು ಹಿಡಿದು ಮುಳುಗಿದ. ಮಾರಕ್ಕ ತೂಬಿನ ದನಿಗೆ ಕಿವಿಗೊಟ್ಟು ನಿಂತಳು. ಝೇಂಕಾರ ಕಂಪಿಸಿತು, ಸಣ್ಣಗಾಯಿತು, ನಿಂತಿತು. ಬಿರಡೆ ಕೂತಿತ್ತು. ಏರಿ ಉಳಿಯಿತು, ಹಟ್ಟಿ ಉಳಿಯಿತು. ಚಿತ್ತಯ್ಯ ಮಾತ್ರ ಮೇಲೆ ಬರಲಿಲ್ಲ. ಹುಲ್ಲು ತುರುಕುತ್ತಿದ್ದ ಅವನ ಕೈ ಬಿರಡೆಯ ಅಡಿಯಲ್ಲೇ ಸಿಕ್ಕಿಕೊಂಡಿತ್ತು. ಮೈದುನ ಗಳು ಎತ್ತಲು ಹೆಣಗಿದ. ಸೆಳೆತ ಬಿಗಿದ ಬಿರಡೆ ಅಲುಗಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದ ಮೇಲೆಯೇ ಅವನನ್ನು ಬಿಡಿಸಿಕೊಂಡದ್ದು ಎನ್ನುತ್ತಾರೆ.

ಮಂಟಪದಲ್ಲಿ ಆಸರೆ ತಪ್ಪಿದಂತೆ ದಾಸರ ದನಿ ನಿಂತಿತು. ನಾಯಕ ಸಿಟ್ಟಿನಿಂದ ಎದ್ದು, “ಶ್ರುತಿ ನಿಲ್ಲಿಸಿದವರು ಯಾರು?” ಎಂದ.

“ನನ್ನ ಗಂಡ, ಬುದ್ಧಿ” ಎಂದಳು ಮಾರಕ್ಕ. “ಇನ್ನೂ ಅಲ್ಲೇ ಅವನೆ.”

ನಡೆದದ್ದು ತಿಳಿದಾಗ ಸಭೆ ಮಂಕಾಯಿತು. ಹಾಡಿಕೆ ಅರ್ಧಕ್ಕೆ ನಿಂತರೆ ಸೀಮೆಗೆ ಕೇಡೆಂದು ಹೆದರಿದ ನಾಯಕ, ಮಂಗಳವನ್ನಾದರೂ ಹಾಡಿ ಮುಗಿಸಿರೆಂದು ದಾಸರನ್ನು ಬೇಡಿಕೊಂಡ. ಅವರು ಅವನ ಕಡೆ ನೋಡಲಿಲ್ಲ. ಏರಿಯ ಕೊನೆಯವರೆಗೂ ನಡೆದು ಹೋಗಿ ಮಾರಕ್ಕನ ಮುಂದೆ ನಿಂತರು. “ಏರಿದ್ದು ನನಗೂ ಕೇಳಿಸಿತ್ತು, ತಾಯಿ. ಯಾಕೆ ಏರಿತು ಅಂತ ನಾನು ಕೇಳಲಿಲ್ಲ” ಎಂದರು. ಮಾರಕ್ಕನ ಕಣ್ಣು ನೀರಿನ ಮೇಲಿತ್ತು. ದಾಸರು ಮತ್ತೆ ಎಲ್ಲಿಯೂ ಹಾಡಿದ್ದನ್ನು ಕೇಳಿದವರಿಲ್ಲ.

ಇಂದಿಗೂ ಈ ಮಂಟಪದಲ್ಲಿ ಎಂಥ ವಿದ್ವಾಂಸರು ಹಾಡಿದರೂ ಮಂಗಳ ಹಾಡುವುದಿಲ್ಲ. ಕೊನೆಯ ಹಾಡಿನ ನಡುವೆ ಎಲ್ಲಿಯಾದರೂ ನಿಲ್ಲಿಸಿ, ತಂತಿಯ ಮೇಲೆ ಅಂಗೈ ಇಟ್ಟು ನಾದ ಅಡಗಿಸಿ, ಒಬ್ಬೊಬ್ಬರಾಗಿ ಮೆಟ್ಟಿಲಿಳಿದು ಹೋಗುತ್ತಾರೆ. ಹೊಸದಾಗಿ ಬಂದವರು ಮಂಗಳಕ್ಕೆ ಕೈಮುಗಿಯಲು ಕಾಯುತ್ತ ಸ್ವಲ್ಪ ಹೊತ್ತು ಅಲ್ಲೇ ಕುಳಿತಿರುತ್ತಾರೆ. ಮುಗಿಯಿತೆಂದು ಅವರಿಗೆ ಯಾರೂ ಹೇಳುವುದಿಲ್ಲ.